ರಾಗಿಯ ಹೊಲದಲ್ಲಿ ಭೇದದ ಮೂಲ

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ಕೆಂಪುಮಣ್ಣಿನ ಹೊಲಗಳ ನಡುವೆ ಹೊಗೆಸೊಪ್ಪಿನ ಬ್ಯಾರನ್ನುಗಳು ಇನ್ನೂ ತಲೆಯೆತ್ತದಿದ್ದ ಕಾಲದಲ್ಲಿ, ಬಿತ್ತನೆಯ ಕಾಳನ್ನು ಚೀಟಿಯಂಟಿಸಿದ ಚೀಲದಲ್ಲಿ ಕೊಂಡುತರುವ ವಾಡಿಕೆ ಹುಟ್ಟುವುದಕ್ಕೆ ಬಹಳ ಮುಂಚೆ, ಹಳೆಯ ಮೈಸೂರಿನ ರಾಗಿಯ ಸೀಮೆಗೆಲ್ಲ ಸಾಮಾನ್ಯವಾದ ಪದ್ಧತಿಯೊಂದು ಇಲ್ಲಿಯೂ ಇತ್ತು: ಕೊಯ್ಲಿಗೆ ಮುನ್ನ ಮನೆಯ ಹಿರಿಯರು ಹೊಲವನ್ನು ಒಮ್ಮೆ ನಿಧಾನವಾಗಿ ಸುತ್ತಿ, ಕಣ್ಣಿಗೆ ತುಂಬುವಂಥ ತೆನೆಗಳನ್ನು ಮಾತ್ರ ಮುರಿದು ಮಡಿಲಿಗೆ ಹಾಕಿಕೊಂಡು, ಅವನ್ನು ಬೇರೆಯಾಗಿಯೇ ಒಣಗಿಸಿ ಬಡಿದು, ಮುಂದಿನ ಮುಂಗಾರಿಗೆಂದು ತೆಗೆದಿರಿಸುವುದು. ಮಜ್ಜಿಗೆ ರಾಗಿ, ಉಂಡೆ ರಾಗಿ, ಗುಟ್ಟೆ ರಾಗಿ, ಕರಿಗಿಡ್ಡ, ಕೋಣಕೊಂಬಿನ ರಾಗಿ ಎಂದು ಮುಂತಾಗಿ ಜನ ಹೆಸರಿಟ್ಟು ಕರೆದ ತಳಿಗಳೆಲ್ಲ ಇಂಥ ಆಯ್ಕೆಯಿಂದಲೇ ರೂಪುಗೊಂಡವು. ಆದರೆ ಆಯ್ಕೆಯ ಈ ಚಾತುರ್ಯವನ್ನು ಕೊಂಡಾಡುವ ಉತ್ಸಾಹದಲ್ಲಿ ನಾವು ಅದಕ್ಕಿಂತ ಮೊದಲಿನ ಸಂಗತಿಯೊಂದನ್ನು ಮರೆಯುತ್ತೇವೆ. ಹೊಲದ ತೆನೆಗಳೆಲ್ಲವೂ ಒಂದೇ ತೆರನಾಗಿದ್ದಲ್ಲಿ ಆಯುವವನ ಕಣ್ಣು ಎಷ್ಟು ತೀಕ್ಷ್ಣವಾಗಿದ್ದರೂ ಅವನು ಮಾಡತಕ್ಕದ್ದು ಏನೂ ಇರುತ್ತಿರಲಿಲ್ಲ. ಆಯ್ಕೆ ಭೇದವನ್ನು ಬಳಸಿಕೊಳ್ಳಬಲ್ಲುದೇ ಹೊರತು ಭೇದವನ್ನು ಸೃಷ್ಟಿಸಲಾರದು. ಹಾಗಾದರೆ ಒಂದೇ ಹೊಲದಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ಮಳೆಗೆ ಬೆಳೆದ ಗಿಡಗಳಲ್ಲಿ ವಂಶಪಾರಂಪರ್ಯವಾಗಿ ಹರಿದು ಬರುವ ಭೇದ ಉಂಟಾಗುವುದಾದರೂ ಎಲ್ಲಿಂದ?

ಈ ಪ್ರಶ್ನೆಗೆ 1859ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್ನನಲ್ಲಿಯೂ ಸಮಾಧಾನಕರವಾದ ಉತ್ತರವಿರಲಿಲ್ಲ. ಜೀವಿಗಳಲ್ಲಿ ಭೇದವುಂಟು, ಪ್ರಕೃತಿ ಅದರಲ್ಲಿ ತಕ್ಕುದನ್ನು ಉಳಿಸಿಕೊಳ್ಳುತ್ತದೆ ಎಂಬಷ್ಟನ್ನು ಆತ ಅಪಾರವಾದ ಸಾಕ್ಷ್ಯಗಳೊಡನೆ ಸ್ಥಾಪಿಸಿದನಾದರೂ, ತಾಯಿತಂದೆಗಳ ಗುಣಗಳು ಮಕ್ಕಳಲ್ಲಿ ಬೆರೆತು ಮಧ್ಯಮವಾಗುತ್ತವೆ ಎಂಬ ಆ ಕಾಲದ ನಂಬಿಕೆ ನಿಜವೇ ಆಗಿದ್ದರೆ, ಕೆಲವು ತಲೆಮಾರುಗಳಲ್ಲಿಯೇ ಭೇದವೆಲ್ಲ ಅಳಿಸಿಹೋಗಬೇಕಾಗಿತ್ತು. ರಾಗಿಯ ಹಿಟ್ಟಿಗೆ ಜೋಳದ ಹಿಟ್ಟನ್ನು ಬೆರೆಸಿದ ಮೇಲೆ ಎರಡನ್ನೂ ಮರಳಿ ಬೇರ್ಪಡಿಸುವುದು ಯಾರಿಂದಲೂ ಆಗದು. ಆದರೆ ರಾಗಿಯ ಕಾಳಿಗೆ ಜೋಳದ ಕಾಳನ್ನು ಬೆರೆಸಿದರೆ ಎಷ್ಟು ಸಲ ಕಲಸಿದರೂ ಜರಡಿಯೊಂದಿದ್ದರೆ ಅವು ಮತ್ತೆ ಬೇರೆಬೇರೆಯೇ. ಆನುವಂಶಿಕತೆ ಹಿಟ್ಟಿನ ಬೆರಕೆಯಲ್ಲ, ಕಾಳಿನ ಬೆರಕೆ ಎಂಬುದನ್ನು ಬ್ರನೋ ಪಟ್ಟಣದ ಮಠವೊಂದರ ತೋಟದಲ್ಲಿ ಬಟಾಣಿಯ ಗಿಡಗಳನ್ನು ಬೆಳೆಸಿ ಕಂಡುಕೊಂಡವನು ಗ್ರೆಗರ್ ಮೆಂಡೆಲ್. ಆತನ ಪ್ರಬಂಧ ಅಚ್ಚಾದದ್ದು 1866ರಲ್ಲಿ. ಲೋಕದ ಗಮನ ಅದರ ಮೇಲೆ ಬಿದ್ದದ್ದು ಆತ ಕಾಲವಾಗಿ ಹದಿನಾರು ವರ್ಷಗಳಾದ ಮೇಲೆ, 1900ರಲ್ಲಿ. ಮೆಂಡೆಲನ ಈ ಘಟಕಗಳನ್ನೇ ನಾವು ಇಂದು ವಂಶವಾಹಿಗಳೆನ್ನುತ್ತೇವೆ. ಅವು ಒಂದರೊಳಗೊಂದು ಕರಗುವುದಿಲ್ಲವಾದ್ದರಿಂದ, ಒಮ್ಮೆ ಹುಟ್ಟಿದ ಭೇದ ಒಂದು ತಲೆಮಾರಿನಲ್ಲಿ ಮರೆಯಾದರೂ ಮುಂದೆ ಎಂದಾದರೂ ಮತ್ತೆ ಹೊರಗೆ ಕಾಣಿಸಿಕೊಳ್ಳಬಹುದು.

ಒಮ್ಮೆ ಹುಟ್ಟಿದ ಭೇದವೇನೋ ಉಳಿಯುತ್ತದೆ. ಮೊತ್ತಮೊದಲು ಅದು ಹುಟ್ಟುವ ಬಗೆ ಯಾವುದು? ವಂಶವಾಹಿಗಳ ವಸ್ತುವಾದ ಡಿಎನ್‌ಎ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದ ದೀರ್ಘವಾದ ಲಿಪಿ. ಮನುಷ್ಯನಲ್ಲಿ ತಾಯಿಯಿಂದ ಬಂದ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು, ತಂದೆಯಿಂದ ಬಂದುದರಲ್ಲಿ ಸರಿಸುಮಾರು ಅಷ್ಟೇ. ಜೀವಕೋಶ ವಿಭಜನೆಯಾಗುವಾಗಲೆಲ್ಲ ಇದನ್ನೆಲ್ಲ ನಕಲು ಮಾಡಬೇಕು, ಮತ್ತು ಯಾವ ಲಿಪಿಕಾರನೂ ಮಾಡಲಾರದಷ್ಟು ಶುದ್ಧವಾಗಿ ಈ ನಕಲು ನಡೆಯುತ್ತದೆಯಾದರೂ ಸ್ಖಾಲಿತ್ಯ ತಪ್ಪದು. ಪ್ರತಿಯೊಂದು ಮಗುವೂ ತಾಯಿತಂದೆಗಳಿಬ್ಬರಲ್ಲಿಯೂ ಇಲ್ಲದ ಸರಾಸರಿ 60ರಿಂದ 70 ಹೊಸ ಅಕ್ಷರವ್ಯತ್ಯಾಸಗಳನ್ನು ಹೊತ್ತು ಹುಟ್ಟುತ್ತದೆ. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ ಸುಮಾರು 30 ಲಕ್ಷ; ಒಬ್ಬೊಬ್ಬರಿಗೂ ಅರವತ್ತರಂತೆ ಲೆಕ್ಕ ಹಿಡಿದರೂ ಈ ಒಂದು ಜಿಲ್ಲೆಯ ಜನರಲ್ಲಿ, ಅವರ ಹಿರಿಯರಲ್ಲಿ ಇಲ್ಲದಿದ್ದ 18 ಕೋಟಿ ಹೊಸ ವ್ಯತ್ಯಾಸಗಳು ಸೇರಿಕೊಂಡಿವೆ ಎಂದಾಯಿತು. ಶಾಸ್ತ್ರಜ್ಞರು ಇದಕ್ಕೆ ಉತ್ಪರಿವರ್ತನೆಯೆಂದು ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಬಹುಪಾಲು ಯಾರಿಗೂ ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡದೆ ಸುಮ್ಮನೆ ಸಾಗಿಬರುತ್ತವೆ. ಕೆಲವು ಕೇಡು ಮಾಡುತ್ತವೆ. ಎಲ್ಲಿಯೋ ಕ್ವಚಿತ್ತಾಗಿ ಒಂದು ಉಪಕಾರಕ್ಕೆ ಬರುತ್ತದೆ. ಬೇಕಾದುದನ್ನು ಒದಗಿಸಬೇಕೆಂಬ ಉದ್ದೇಶ ಇದರ ಹಿಂದೆ ಇರುವುದಿಲ್ಲ. ಬರಗಾಲ ಬಂತೆಂದು ರಾಗಿಯಲ್ಲಿ ಬರವನ್ನು ತಡೆಯುವ ವ್ಯತ್ಯಾಸ ಹುಟ್ಟುವುದಿಲ್ಲ. ಮೊದಲೇ ಹುಟ್ಟಿ ಎಲ್ಲೋ ಒಂದೆರಡು ಗಿಡಗಳಲ್ಲಿ ಅಡಗಿದ್ದರೆ ಬರ ಅದನ್ನು ಉಳಿಸುತ್ತದೆ, ಅಷ್ಟೆ.

ಒಳಿತು ಕೆಡುಕುಗಳೆಂಬ ಮಾತು ಕೂಡ ಸನ್ನಿವೇಶವನ್ನು ಅವಲಂಬಿಸಿದ್ದು ಎಂಬುದಕ್ಕೆ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿಯೇ ನಿದರ್ಶನವಿದೆ. ಜೇನುಕುರುಬರೇ ಮೊದಲಾದ ಆದಿವಾಸಿಗಳಲ್ಲಿ ಕಂಡುಬರುವ ಕುಡುಗೋಲು ಕಣ ರೋಗ, ವೈದ್ಯರ ಬಾಯಲ್ಲಿ ಸಿಕಲ್ ಸೆಲ್ ಎನಿಸಿಕೊಳ್ಳುವುದು, ರಕ್ತದ ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದುದರ ಫಲ. ಆ ಒಂದು ಅಕ್ಷರದಿಂದ ಹಿಮೋಗ್ಲೋಬಿನ್ನಿನ ಒಂದು ಎಳೆಯ ಆರನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲಕ್ಕೆ ಬದಲು ಮತ್ತೊಂದು ಕೂತು, ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ತಾಳಲಾರದ ನೋವನ್ನೂ ರಕ್ತಹೀನತೆಯನ್ನೂ ತರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲಿಗೆ ನೆರೆಯದೇ ಆದ ನೀಲಗಿರಿಯ ಗಿರಿಜನರಲ್ಲಿ. ಇಷ್ಟು ಕ್ರೂರವಾದ ವ್ಯತ್ಯಾಸ ಅಳಿದುಹೋಗದೆ ಉಳಿದುದೇಕೆ ಎಂದರೆ, ತಾಯಿತಂದೆಗಳಲ್ಲಿ ಒಬ್ಬರಿಂದ ಮಾತ್ರ ಅದನ್ನು ಪಡೆದವರು ರೋಗಿಗಳಾಗುವುದಿಲ್ಲ, ಮೇಲಾಗಿ ಮಾರಕವಾದ ಮಲೇರಿಯವನ್ನು ಇತರರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ. ಆಫ್ರಿಕದಲ್ಲಿ ಆಂಟನಿ ಆಲಿಸನ್ ಇದನ್ನು 1954ರಲ್ಲಿ ತೋರಿಸಿಕೊಟ್ಟರು. ಮಲೇರಿಯದ ಕಾಡಿನಲ್ಲಿ ತಲೆತಲಾಂತರ ಬದುಕಿದವರ ರಕ್ತದಲ್ಲಿ ಆ ಅಕ್ಷರ ಉಳಿದುಬಂದದ್ದು ಹೀಗೆ. ಇಬ್ಬರೂ ವಾಹಕರಾಗಿರುವ ದಂಪತಿಗಳಿಗೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ನಿರ್ಮೂಲನ ಕಾರ್ಯಕ್ರಮದಲ್ಲಿ ಆದಿವಾಸಿ ಪ್ರದೇಶಗಳ ಏಳು ಕೋಟಿ ಜನರ ರಕ್ತಪರೀಕ್ಷೆಗೆ ಏರ್ಪಾಡಾಗಿದೆ. ವಿವಾಹಕ್ಕೆ ಮುನ್ನ ತಾನು ವಾಹಕನೇ ಅಲ್ಲವೇ ಎಂದು ತಿಳಿದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲವೆಂಬುದನ್ನು ಹಾಡಿಯವರಿಗೆ ಮಾತ್ರವಲ್ಲದೆ ಅವರನ್ನು ನೋಡುವ ಊರಿನವರಿಗೂ ಹೇಳಬೇಕಾಗಿದೆ.

ಒಂದೊಂದು ಅಕ್ಷರವಾಗಿ ಬದಲಾಗುವುದಲ್ಲದೆ, ಕೆಲವೊಮ್ಮೆ ಪುಸ್ತಕಕ್ಕೆ ಪುಸ್ತಕವೇ ಇಮ್ಮಡಿಸುವುದೂ ಉಂಟು. ಗಾವಡಗೆರೆಯ ರೈತನ ಊಟ ರಾಗಿಯದು, ರೊಕ್ಕ ಹೊಗೆಸೊಪ್ಪಿನದು. ಈ ಎರಡು ಬೆಳೆಗಳೂ ಇಂಥ ಆಕಸ್ಮಿಕದ ಸಂತಾನಗಳೆಂಬುದು ವಿನೋದವೇ ಸರಿ. ರಾಗಿಯ ಹೊಲದಲ್ಲಿ ರಾಗಿಯ ವೇಷವನ್ನೇ ಧರಿಸಿ ನಿಂತು ಕಳೆ ಕೀಳುವವರನ್ನು ಮೋಸಗೊಳಿಸುವ ಹುಲ್ಲೊಂದಿದೆಯಷ್ಟೆ, ಡಿಎನ್‌ಎಯನ್ನು ಹೊತ್ತ ಅದರ ವರ್ಣತಂತುಗಳು ಹದಿನೆಂಟು, ರಾಗಿಯವು ಮೂವತ್ತಾರು. ಆ ಹುಲ್ಲಿನ ವಂಶವೂ ಅದರ ದಾಯಾದಿಯಾದ ಇನ್ನೊಂದು ಹುಲ್ಲಿನ ವಂಶವೂ ಪೂರ್ವ ಆಫ್ರಿಕದಲ್ಲಿ ಎಂದೋ ಕೂಡಿ, ಇಬ್ಬರ ವರ್ಣತಂತುಗಳೂ ಇಡಿಯಾಗಿ ಒಂದೇ ಗಿಡದಲ್ಲಿ ನೆಲಸಿದ್ದರಿಂದ ರಾಗಿಯ ಮೂಲಪುರುಷ ಹುಟ್ಟಿದನು. ಆ ದಾಯಾದಿ ಯಾರೆಂಬುದು ಇನ್ನೂ ಖಚಿತವಾಗಿ ಸಿಕ್ಕಿಲ್ಲ, ಬಹುಶಃ ಅದರ ವಂಶವೇ ನಷ್ಟವಾಗಿರಬಹುದು. ದಕ್ಷಿಣ ಅಮೆರಿಕದ ಹೊಗೆಸೊಪ್ಪಿನ ಕಥೆಯೂ ಇದೇ: ಇಪ್ಪತ್ತನಾಲ್ಕು ವರ್ಣತಂತುಗಳ ಎರಡು ಕಾಡುಗಿಡಗಳು ಕೂಡಿ ನಲವತ್ತೆಂಟರ ಬೆಳೆಗಿಡವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಶೈಲಜಾ ಹಿತ್ತಲಮನಿಯವರೂ ಅವರ ಸಂಗಡಿಗರೂ ಎಂಎಲ್ 365 ಎಂಬ ರಾಗಿಯ ತಳಿಯ ಡಿಎನ್‌ಎಯನ್ನು ಓದಿ 2017ರಲ್ಲಿ ಪ್ರಕಟಿಸಿದಾಗ, ಈ ಜೋಡಿಗ್ರಂಥದ ಬಹುಭಾಗ ಮೊದಲ ಬಾರಿಗೆ ನಮ್ಮ ನಾಡಿನಲ್ಲಿಯೇ ಬೆಳಕು ಕಂಡಿತು.

ಉತ್ಪರಿವರ್ತನೆ ಹೊಸದನ್ನು ಹುಟ್ಟಿಸುತ್ತದೆ, ಆದರೆ ಬಹಳ ಮೆಲ್ಲಗೆ. ದಿನನಿತ್ಯ ನಾವು ಕಾಣುವ ವೈವಿಧ್ಯದ ಬಹುಪಾಲು ಹಳೆಯದನ್ನೇ ಹೊಸ ರೀತಿಯಲ್ಲಿ ಜೋಡಿಸಿದುದರಿಂದ ಬರತಕ್ಕದ್ದು. ಮನುಷ್ಯನಲ್ಲಿ ವರ್ಣತಂತುಗಳು ಇಪ್ಪತ್ತಮೂರು ಜೊತೆ; ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ ಪ್ರತಿಯೊಂದು ಜೊತೆಯಿಂದಲೂ ಒಂದೊಂದು ಮಾತ್ರ ಆಯ್ಕೆಯಾಗಿ ಹೋಗುತ್ತದೆ, ಅಜ್ಜನದು ಹೋಯಿತೋ ಅಜ್ಜಿಯದು ಹೋಯಿತೋ ಎಂಬುದು ಪ್ರತಿ ಜೊತೆಯಲ್ಲಿಯೂ ಸ್ವತಂತ್ರವಾಗಿ ನಿರ್ಧಾರವಾಗುತ್ತದೆ. ಹೀಗೆ ಇಪ್ಪತ್ತಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸುತ್ತ ಹೋದರೆ 83,88,608 ಬಗೆಯ ಜೋಡಣೆಗಳಾಗುತ್ತವೆ. ನಮ್ಮ ಪುರಾಣಿಕರು ಹೇಳುತ್ತಿದ್ದ ಎಂಬತ್ತನಾಲ್ಕು ಲಕ್ಷ ಜೀವಯೋನಿಗಳ ಸಂಖ್ಯೆಗೆ ಇದು ಅತ್ಯಂತ ಸಮೀಪವಾಗಿರುವುದು ಕೇವಲ ಕಾಕತಾಳೀಯ. ಇದನ್ನು ಹಿಡಿದು ಪ್ರಾಚೀನರು ಕೋಶಶಾಸ್ತ್ರವನ್ನು ಅರಿತಿದ್ದರೆಂದು ಯಾರೂ ವೇದಿಕೆಯೇರದಿದ್ದರೆ ಸಾಕು. ತಂದೆಯ ಕಡೆಯ ಜೋಡಣೆಗಳನ್ನೂ ತಾಯಿಯ ಕಡೆಯವನ್ನೂ ಗುಣಿಸಿದರೆ ಒಂದೇ ದಂಪತಿಗೆ ಸುಮಾರು 70 ಲಕ್ಷ ಕೋಟಿ ಬಗೆಯ ಮಕ್ಕಳು ಹುಟ್ಟಬಹುದು. ಸಾಲದೆಂಬಂತೆ, ಜೊತೆಯ ಎರಡು ವರ್ಣತಂತುಗಳು ಅಗಲುವ ಮುನ್ನ ಪರಸ್ಪರ ತೆಕ್ಕೆಹಾಕಿಕೊಂಡು ತುಂಡುತುಂಡುಗಳನ್ನೇ ವಿನಿಮಯ ಮಾಡಿಕೊಳ್ಳುತ್ತವೆ. ಅದನ್ನೂ ಗಣನೆಗೆ ತೆಗೆದುಕೊಂಡರೆ ಲೆಕ್ಕವೇ ಮುಗಿಯದು. ಒಡಹುಟ್ಟಿದವರು ಒಂದೇ ತೆರನಾಗಿ ಇರದಿರುವುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ರಾಗಿಯ ಜೊತೆಗಳು ಹದಿನೆಂಟು. ಲೆಕ್ಕಕ್ಕೆ 2,62,144 ಜೋಡಣೆಗಳು ಸಾಧ್ಯ. ಆದರೆ ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಅದರ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ನಡುರಾತ್ರಿ ಕಳೆದು ಬೆಳಗಾಗುವ ಮುನ್ನ ಅರಳಿ, ಅರಳುವಾಗಲೇ ತನ್ನ ಪರಾಗವನ್ನು ತನ್ನ ಶಲಾಕಾಗ್ರದ ಮೇಲೆಯೇ ಚೆಲ್ಲಿಕೊಳ್ಳುತ್ತದೆ. ಬೇರೆ ಗಿಡದ ಪರಾಗದಿಂದ ಕಟ್ಟುವ ಕಾಳು ನೂರಕ್ಕೆ ಒಂದು ಸಿಕ್ಕರೆ ಹೆಚ್ಚು. ಹೀಗೆ ತಾನೇ ತಾಯಿಯೂ ತಾನೇ ತಂದೆಯೂ ಆಗುವ ಗಿಡದಲ್ಲಿ, ಜೊತೆಯ ಎರಡು ಪ್ರತಿಗಳಲ್ಲಿದ್ದ ಭೇದ ತಲೆಮಾರಿಗೆ ಅರ್ಧದಂತೆ ಸವೆದು, ಹತ್ತು ತಲೆಮಾರುಗಳಾಗುವ ಹೊತ್ತಿಗೆ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಎರಡು ಪ್ರತಿಗಳೂ ಒಂದೇ ಆದ ಮೇಲೆ ಅವನ್ನು ಎಷ್ಟು ಬಗೆಯಲ್ಲಿ ಜೋಡಿಸಿದರೇನು? ಆದುದರಿಂದ ಊರಿನ ರಾಗಿಯ ಹೊಲದಲ್ಲಿ ಕಾಣುತ್ತಿದ್ದ ವೈವಿಧ್ಯವು ಒಂದೊಂದು ಗಿಡದ ಒಳಗೆ ಇದ್ದುದಲ್ಲ, ತಮ್ಮತಮ್ಮಲ್ಲೇ ಶುದ್ಧವಾದ ಅನೇಕ ವಂಶಗಳು ಪಕ್ಕಪಕ್ಕದಲ್ಲಿ ನಿಂತುದರಿಂದ ಆದದ್ದು.

1913ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾದ ಕೆನಡದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ ರಾಗಿಯನ್ನು ಶಾಸ್ತ್ರೀಯವಾಗಿ ಉತ್ತಮಪಡಿಸುವ ಕೆಲಸ ಆರಂಭವಾದಾಗ, ಮೊದಲು ಹಿಡಿದ ದಾರಿ ಈ ವಂಶಗಳನ್ನು ಬೇರೆಬೇರೆ ಮಾಡಿ, ಪರೀಕ್ಷಿಸಿ, ಮೇಲಾದುದನ್ನು ಎತ್ತಿಕೊಳ್ಳುವುದು. ಮೊದಲನೆಯ ಮಹಾಯುದ್ಧದ ದಿನಗಳ ಸುಮಾರಿಗೆ ಹೊರಬಂದ ಹೆಚ್ 22 ಇಂಥ ಆಯ್ಕೆಯ ತಳಿ. ಆದರೆ ಈ ದಾರಿ ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸೆನ್ 1903ರಷ್ಟು ಹಿಂದೆಯೇ ತೋರಿಸಿಬಿಟ್ಟಿದ್ದನು. ಹುರುಳಿಕಾಯಿಯ ಒಂದು ಶುದ್ಧವಂಶದೊಳಗೆ ದೊಡ್ಡ ಬೀಜಗಳನ್ನೇ ಆರಿಸಿ ಬಿತ್ತಿದರೂ ಸಣ್ಣವನ್ನೇ ಆರಿಸಿ ಬಿತ್ತಿದರೂ ಮುಂದಿನ ಬೆಳೆಯ ಬೀಜದ ಸರಾಸರಿ ತೂಕ ಒಂದೇ. ಅಲ್ಲಿ ಕಾಣುವ ಹೆಚ್ಚುಕಡಿಮೆ ಗೊಬ್ಬರ ನೀರುಗಳದು, ವಂಶದ್ದಲ್ಲ. ಮಿಶ್ರಣದಲ್ಲಿದ್ದ ಅತ್ಯುತ್ತಮವನ್ನು ಹೆಕ್ಕಿದ ಮೇಲೆ ಆಯ್ಕೆಗೆ ಕೆಲಸ ಮುಗಿಯಿತು. ಮುಂದಕ್ಕೆ ಹೋಗಬೇಕಾದರೆ ಎರಡು ವಂಶಗಳನ್ನು ಕೂಡಿಸಲೇ ಬೇಕು. ರಾಗಿಯ ಹೂವಾದರೋ ಕೂಡಿಸಲು ಬಿಡುವಂಥದಲ್ಲ. ಅಷ್ಟು ಚಿಕ್ಕ ಹೂವಿನಿಂದ ಕೇಸರಗಳನ್ನು ಚಿಮಟದಿಂದ ಕೀಳುವುದೆಂದರೆ ತಪಸ್ಸೇ ಸರಿ.

ಈ ಬೀಗವನ್ನು ತೆಗೆದವರಲ್ಲಿ ಅಗ್ರಗಣ್ಯರಾದವರು ನಮ್ಮ ಮೈಸೂರು ಜಿಲ್ಲೆಯ ಹಾರೋಹಳ್ಳಿಯಲ್ಲಿ ಜನಿಸಿ, ಮಂಡ್ಯದ ವಿ. ಸಿ. ಫಾರಂ ಎಂಬ ಕೃಷಿ ಸಂಶೋಧನ ಕೇಂದ್ರದಲ್ಲಿ ಜೀವಮಾನವನ್ನು ಸವೆಸಿ, ಜನರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಪ್ರಸಿದ್ಧರಾದ ಮಹನೀಯರು. ಅವರು ಬಳಸಿದ ವಿಧಾನ ತೀರ ಸರಳವಾದುದು. ಒಂದೇ ಕಾಲಕ್ಕೆ ಹೂಬಿಡುವ ಎರಡು ತಳಿಗಳ ತೆನೆಗಳನ್ನು ಒತ್ತಾಗಿ ಸೇರಿಸಿ ಕಟ್ಟಿ, ಮೇಲೊಂದು ಚೀಲ ಹೊದಿಸಿದರೆ, ಒಂದರ ಪರಾಗ ಮತ್ತೊಂದರ ಹೂವಿಗೆ ತಾನಾಗಿಯೇ ತಗಲುತ್ತದೆ. ತೆನೆ ತುದಿಯಿಂದ ಕೆಳಕ್ಕೆ ಅರಳುತ್ತ ಬರುವುದಕ್ಕೆ ಸುಮಾರು ಒಂದು ವಾರ ಹಿಡಿಯುವುದರಿಂದ ತಗಲುವ ಅವಕಾಶ ಮತ್ತೆ ಮತ್ತೆ ಬರುತ್ತದೆ. ಆದರೂ ಕಟ್ಟುವ ಕಾಳಿನಲ್ಲಿ ಬಹುಪಾಲು ಸ್ವಕೀಯವೇ. ನಡುವೆ ಅಲ್ಲೊಂದು ಇಲ್ಲೊಂದು ಮಾತ್ರ ಸಂಕರ. ಆ ಒಂದೆರಡನ್ನು ಗುರುತಿಸುವ ಬಗೆಯೇ ಇದರ ಮರ್ಮ. ಕೊಯಮತ್ತೂರಿನಲ್ಲಿ ಕಿರುಧಾನ್ಯಗಳ ತಜ್ಞರಾಗಿದ್ದ ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ಯರು, ರಾಗಿಯ ಗಿಣ್ಣು ತೆನೆಗಳಲ್ಲಿ ಕಾಣುವ ನೇರಳೆ ಬಣ್ಣ ಹಸಿರಿನ ಮೇಲೆ ಪ್ರಬಲವಾದುದೆಂದು 1930ರ ದಶಕದ ಆರಂಭಕ್ಕೇ ತೋರಿಸಿಕೊಟ್ಟಿದ್ದರು. ಹಸಿರು ತಳಿಯನ್ನು ತಾಯಿಯನ್ನಾಗಿಯೂ ನೇರಳೆಯದನ್ನು ತಂದೆಯನ್ನಾಗಿಯೂ ಇರಿಸಿಕೊಂಡು, ತಾಯಿತೆನೆಯ ಕಾಳನ್ನೆಲ್ಲ ಬಿತ್ತಿದರೆ, ಮೊಳೆತ ಪೈರಿನಲ್ಲಿ ನೇರಳೆ ಛಾಯೆ ತೋರಿದ್ದು ಸಂಕರ. ಹಸಿರಾಗಿ ಉಳಿದದ್ದನ್ನು ಕಿತ್ತು ಬಿಸುಡಬಹುದು. ಬರಿಗಣ್ಣು, ದಾರ, ಚೀಲ ಮತ್ತು ಅಪಾರವಾದ ತಾಳ್ಮೆ, ಇಷ್ಟೇ ಸಲಕರಣೆಗಳಿಂದ ಐವತ್ತು ಅರವತ್ತರ ದಶಕಗಳಲ್ಲಿ ಅರುಣಾ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಒಂದೊಂದಾಗಿ ಹೊರಬಂದವು.

ಅವು ನಾಡಿನ ತಳಿಗಳ ಒಳಗಿನ ಜೋಡಣೆಗಳು. ಅಲ್ಲಿಗೂ ಒಂದು ಎಲ್ಲೆಯಿತ್ತು, ಮತ್ತು ಎಲ್ಲೆಯ ಕಾರಣ ಇತಿಹಾಸದಲ್ಲಿತ್ತು. ರಾಗಿಯ ತವರು ಇಥಿಯೋಪಿಯ ಉಗಾಂಡಗಳ ಎತ್ತರದ ನೆಲ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಅಲ್ಲಿ ಅದು ಬೆಳೆಯಾಯಿತು, ಆಮೇಲೆ ಎಂದೋ ಸಮುದ್ರವನ್ನು ದಾಟಿ ಇಲ್ಲಿಗೆ ಬಂದಿತು. ಅಂದು ಯಾವ ನಾವಿಕರ ಯಾವ ಮೂಟೆಯಲ್ಲಿ ಬಂದಿತೋ, ಆ ಮೂಟೆಯಲ್ಲಿದ್ದಷ್ಟೇ ಭೇದ ನಮ್ಮ ಪಾಲಿಗೆ ಬಂದದ್ದು; ತವರಿನ ವೈವಿಧ್ಯದ ಬಹುಭಾಗ ತವರಿನಲ್ಲಿಯೇ ಉಳಿಯಿತು. ಚಿಕ್ಕ ತಂಡವೊಂದು ವಲಸೆಹೋಗಿ ಹೊಸ ನೆಲದಲ್ಲಿ ವಂಶ ಬೆಳೆಸಿದಾಗಲೆಲ್ಲ, ಅದು ಗಿಡವಾಗಲಿ ಮೃಗವಾಗಲಿ ಮನುಷ್ಯನಾಗಲಿ, ಹೀಗೆಯೇ ನಡೆಯುತ್ತದೆ. ಬಳಿಕ ಸಹಸ್ರಾರು ವರ್ಷ ಎರಡು ಕಡೆಯ ರಾಗಿಗಳು ಬೇರೆಬೇರೆ ಹಾದಿ ಹಿಡಿದವು. ನಮ್ಮದು ಬೇಗ ಬಲಿಯುವ, ಹೆಚ್ಚು ತೆಂಡೆಯೊಡೆಯುವ, ಮುಂಗಾರಿನ ಮರ್ಜಿಯನ್ನರಿತ ರಾಗಿಯಾಯಿತು. ಆಫ್ರಿಕದ್ದು ಗಟ್ಟಿದಂಟಿನ, ದಪ್ಪಕಾಳಿನ, ನೀಳತೆನೆಯ, ಬೆಂಕಿ ರೋಗವನ್ನು ತಡೆದುಕೊಳ್ಳುವ ರಾಗಿಯಾಗಿ ಉಳಿಯಿತು. ಲಕ್ಷ್ಮಣಯ್ಯನವರು ಈ ಅಗಲಿದ ಬಂಧುಗಳನ್ನು ಮಂಡ್ಯದಲ್ಲಿ ಮತ್ತೆ ಕೂಡಿಸಿದರು. ಎರಡು ನೆಲಗಳ ಹೆಸರನ್ನೂ ಸೇರಿಸಿ ಇಂಡಾಫ್ ಎಂದು ಕರೆದ ಆ ತಳಿಗಳ ಮಾಲೆ ರಾಗಿಯ ಇಳುವರಿಯ ಲೆಕ್ಕಾಚಾರವನ್ನೇ ಬದಲಾಯಿಸಿತು. ಇಂದು ಕರ್ನಾಟಕದಲ್ಲಿ ಅತ್ಯಂತ ವ್ಯಾಪಕವಾಗಿ ಬೆಳೆಯುವ ತಳಿಗಳಲ್ಲೊಂದಾದ ಜಿಪಿಯು 28ರ ವಂಶವೃಕ್ಷವನ್ನು ನೋಡಿದರೆ ಅದರಲ್ಲಿ ಇಂಡಾಫ್ 5 ಮತ್ತು ಇಂಡಾಫ್ 9 ಎರಡೂ ಇವೆ. ಹುಣಸೂರಿನಲ್ಲಿಯೋ ಪಿರಿಯಾಪಟ್ಟಣದಲ್ಲಿಯೋ ಯಾವುದಾದರೂ ಮನೆಯಲ್ಲಿ ಇಂದು ರಾತ್ರಿ ತಟ್ಟೆಗೆ ಬೀಳುವ ಮುದ್ದೆಯಲ್ಲಿ ಆಫ್ರಿಕದ ಪಾಲು ಇರುವ ಸಂಭವವೇ ಹೆಚ್ಚು. ಉತ್ಪರಿವರ್ತನೆಯನ್ನು ಕಾಯುತ್ತ ಕೂತಿದ್ದರೆ ಎಷ್ಟು ಶತಮಾನಗಳು ಬೇಕಾಗುತ್ತಿದ್ದುವೋ ಯಾರು ಬಲ್ಲರು. ವಲಸೆ ಅದನ್ನು ಒಬ್ಬ ಮನುಷ್ಯನ ಆಯುಷ್ಯದೊಳಗೆ ತಂದುಕೊಟ್ಟಿತು.

ಹೊರಗಿನಿಂದ ಬಂದು ಸೇರುವ ವಂಶವಾಹಿಗಳ ಮಹಿಮೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇನ್ನೂ ವಿಚಿತ್ರವಾದ ಸಾಕ್ಷ್ಯವಿದೆ. 1960ರ ದಶಕದ ಮೊದಲಲ್ಲಿ ಅಲ್ಲಿಯೂ, ತರುವಾಯ ಹುಣಸೂರಿನ ಗುರುಪುರದಲ್ಲಿಯೂ ನೆಲೆಸಿದ ಟಿಬೆಟ್ಟಿನವರಲ್ಲಿ ಬಹುಪಾಲು ಜನ, ನಾಲ್ಕು ಸಾವಿರ ಮೀಟರ್ ಎತ್ತರದ ತೆಳುಗಾಳಿಯಲ್ಲಿ ರಕ್ತ ಮಂದವಾಗದಂತೆ ಕಾಯುವ ವಂಶವಾಹಿರೂಪವೊಂದನ್ನು ಹೊತ್ತಿರುತ್ತಾರೆ. ಅದು ಟಿಬೆಟ್ಟಿನಲ್ಲಿ ಹುಟ್ಟಿದ್ದಲ್ಲ. ನಮ್ಮ ಜಾತಿಯ ಮನುಷ್ಯರೇ ಅಲ್ಲದ, ಎಂದೋ ಅಳಿದುಹೋದ ಡೆನಿಸೋವನ್ನರೆಂಬ ಮಾನವವರ್ಗದವರಿಂದ ಪುರಾತನ ಕಾಲದ ಸಾಂಕರ್ಯದ ಮೂಲಕ ಬಂದದ್ದೆಂದು 2014ರಲ್ಲಿ ಗೊತ್ತಾಯಿತು. ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರೂ ಎತ್ತರವಿಲ್ಲದ ಬೈಲಕುಪ್ಪೆಯ ಮುಸುಕಿನ ಜೋಳದ ಹೊಲಗಳ ನಡುವೆ ಹುಟ್ಟಿ ಬೆಳೆದ ಮಗುವಿಗೆ ಅದರ ಉಪಯೋಗ ಹೆಚ್ಚೇನೂ ಇಲ್ಲ. ಆದರೂ ಅದು ಅಲ್ಲಿದೆ. ಬೇಕಾದ ಕಾಲಕ್ಕೆ ಮಾತ್ರ ಇರುವುದು ಭೇದದ ಸ್ವಭಾವವಲ್ಲ.

ಬರುವ ದಾರಿ ಮುಚ್ಚಿದರೆ ಏನಾಗುತ್ತದೆಂಬುದನ್ನು ಹುಲಿಗಳು ಹೇಳುತ್ತವೆ. ನಾಗರಹೊಳೆಯ ಹುಲಿ ಕಬಿನಿಯ ಹಿನ್ನೀರನ್ನು ಬಳಸಿಕೊಂಡು ಬಂಡೀಪುರಕ್ಕೂ, ಅಲ್ಲಿಂದ ಮುದುಮಲೆಗೂ ವಯನಾಡಿಗೂ ಕಾಡಿನೊಳಗೇ ಸಾಗಬಲ್ಲುದು. ಒಡಿಶಾದ ಸಿಮಿಲಿಪಾಲದ ಹುಲಿಗಳಿಗೆ ಅಂಥ ನೆರೆಯಿಲ್ಲ. ಅಲ್ಲಿ ಪಟ್ಟೆಗಳು ಅಗಲವಾಗಿ ಒಂದರೊಳಗೊಂದು ಬೆರೆತು ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳು ಪದೇ ಪದೇ ಹುಟ್ಟುತ್ತಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಉಮಾ ರಾಮಕೃಷ್ಣನ್ನರ ತಂಡ 2021ರಲ್ಲಿ ಅದರ ಕಾರಣವನ್ನು ಒಂದೇ ವಂಶವಾಹಿಯ ಒಂದು ವ್ಯತ್ಯಾಸದಲ್ಲಿ ಗುರುತಿಸಿತು. ಚಿಕ್ಕ ಸಮೂಹದಲ್ಲಿ ಯಾವುದು ಉಳಿಯಿತು ಯಾವುದು ಅಳಿಯಿತು ಎಂಬುದನ್ನು ಯೋಗ್ಯತೆಗಿಂತ ಹೆಚ್ಚಾಗಿ ಅದೃಷ್ಟವೇ ತೀರ್ಮಾನಿಸುತ್ತದೆ, ಮತ್ತು ಬಂಧುಗಳೊಳಗೇ ಕೂಡಾವಳಿಯಾಗುವುದರಿಂದ ಒಂದೇ ಪ್ರತಿಯಲ್ಲಿ ಮರೆಯಾಗಿ ಇದ್ದುದು ಎರಡು ಪ್ರತಿಯಾಗಿ ಹೊರಗೆ ಬೀಳುತ್ತದೆ.

ಈ ಮಾತು ಹುಲಿಗೆ ಮಾತ್ರ ಸಲ್ಲುವುದಲ್ಲ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ನಮ್ಮ ಸೀಮೆಯ ಹಳೆಯ ರೂಢಿಯಲ್ಲಿ ಹೊಸ ಕೆಡುಕೇನೂ ಹುಟ್ಟುವುದಿಲ್ಲ. ಆದರೆ ಒಬ್ಬ ಪೂರ್ವಜನ ಒಂದೇ ಪ್ರತಿ ಎರಡು ದಾರಿಯಿಂದಲೂ ಬಂದು ಮಗುವಿನಲ್ಲಿ ಸಂಧಿಸುವ ಸಂಭವ, ಅಕ್ಕನ ಮಗಳಲ್ಲಾದರೆ ಎಂಟರಲ್ಲೊಂದು, ಸೋದರಮಾವನ ಮಗಳಲ್ಲಾದರೆ ಹದಿನಾರರಲ್ಲೊಂದು. ರಾಗಿಯ ಗಿಡದಲ್ಲಿ ಅದು ಎರಡರಲ್ಲೊಂದು. ಭೇದ ಒಂದೇ ದಾರಿಯಲ್ಲಿ ಸವೆಯುತ್ತದೆ, ವೇಗ ಮಾತ್ರ ಬೇರೆ.

ಜೋಡಣೆಯೂ ಇಲ್ಲದೆ ವಲಸೆಯೂ ಇಲ್ಲದೆ ಬದುಕುವ ಬೆಳೆಯ ಗತಿಯನ್ನು ನೋಡಬೇಕಾದರೆ ನಂಜನಗೂಡಿನ ರಸಬಾಳೆಯನ್ನು ನೋಡಬೇಕು. ಅದರಲ್ಲಿ ವರ್ಣತಂತುಗಳ ಗುಂಪುಗಳು ಮೂರು; ಮೂರನ್ನು ಇಬ್ಬರಿಗೆ ಸಮನಾಗಿ ಹಂಚಲಾಗದ್ದರಿಂದ ಬೀಜ ಕಟ್ಟುವುದಿಲ್ಲ. ತಾಯಿಬಾಳೆಯ ಕಂದನ್ನು ಕಿತ್ತು ನೆಟ್ಟುನೆಟ್ಟು ಬೆಳೆಸಿದ ತೋಟಗಳೆಲ್ಲ ವಾಸ್ತವವಾಗಿ ಒಂದೇ ಗಿಡದ ಪ್ರತಿಗಳು. ಆ ಪರಿಮಳ ಕೆಡದೆ ಕೈಯಿಂದ ಕೈಗೆ ಬಂದದ್ದು ಇದರಿಂದಲೇ ಎಂಬುದು ನಿಜ. ಮಣ್ಣಿನಿಂದೇರುವ ಪನಾಮಾ ಸೊರಗುರೋಗ ಬಂದಾಗ ತೋಟಕ್ಕೆ ತೋಟವೇ ಒಟ್ಟಿಗೆ ಬಾಡಿಹೋದದ್ದೂ ಇದರಿಂದಲೇ. ರೋಗ ಒಂದು ಗಿಡವನ್ನು ಗೆದ್ದರೆ ಎಲ್ಲವನ್ನೂ ಗೆದ್ದಂತೆ.

ರಾಗಿಯ ವಿಷಯದಲ್ಲಿ ನಮಗಿರಬೇಕಾದ ಚಿಂತೆ ಇದು. ಜಿಪಿಯು 28ನ್ನೂ ಅದರ ಒಡನಾಡಿಗಳನ್ನೂ ಕುರಿತು ದೂರತಕ್ಕದ್ದೇನೂ ಇಲ್ಲ. ಅವು ರೈತನ ಹೊಟ್ಟೆ ತುಂಬಿಸಿವೆ. ಆದರೆ ತೆನೆಯ ಕುತ್ತಿಗೆಯನ್ನು ಸುಡುವ ಬೆಂಕಿ ರೋಗದ ಶಿಲೀಂಧ್ರಕ್ಕೂ ಉತ್ಪರಿವರ್ತನೆಯುಂಟು, ಅದರ ತಲೆಮಾರುಗಳು ದಿನಗಳಲ್ಲಿ ಮುಗಿಯುತ್ತವೆ, ನಮ್ಮ ತಳಿಯಾದರೋ ವರ್ಷವರ್ಷವೂ ಅದೇ ಆಗಿರುತ್ತದೆ. ಇಂದು ತಡೆಯುವ ಶಕ್ತಿ ನಾಳೆ ಸೋತರೆ ತಳಿವಿಜ್ಞಾನಿ ಮತ್ತೆ ಕೈಚಾಚುವುದು ಹಳೆಯ ವಂಶಗಳ ಕಡೆಗೇ. ಅವು ಅಷ್ಟರೊಳಗೆ ಅಳಿದಿದ್ದರೆ ಯಾವ ಪ್ರಯೋಗಶಾಲೆಯೂ ಅವನ್ನು ಹಾಗೆಯೇ ಮರಳಿ ತಂದುಕೊಡಲಾರದು.

ಆದುದರಿಂದ ಈ ಸೀಮೆಯ ವಾಚಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿಯೋ ನೆಂಟರ ಮನೆಯಲ್ಲಿಯೋ ಅಂಗಡಿಯಿಂದ ತಾರದ, ಅಜ್ಜನ ಕಾಲದಿಂದ ಬಿತ್ತುತ್ತ ಬಂದ ರಾಗಿ ಇನ್ನೂ ಇದ್ದರೆ, ಹೊಲದ ಒಂದು ಮೂಲೆಯಲ್ಲಾದರೂ ಅದನ್ನು ಬಿಡದೆ ಬಿತ್ತಿರಿ. ಒಂದು ಸೇರು ಒಣಕಾಳನ್ನು ಮಂಡ್ಯದ ವಿ. ಸಿ. ಫಾರಂಗೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ಕೊಡಿರಿ. ಕೊಡುವಾಗ ತಳಿಗೆ ನಿಮ್ಮೂರಿನಲ್ಲಿರುವ ಹೆಸರು, ಊರು, ಮಣ್ಣಿನ ಬಗೆ, ಬಿತ್ತುವ ಮಳೆ, ಎಷ್ಟು ದಿನಕ್ಕೆ ಕೊಯ್ಲಿಗೆ ಬರುವುದೆಂಬುದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದಿಡಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ಅಂಥ ತಳಿಯನ್ನು ರೈತರು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಅವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ.